ಆಕರಗಳ ದಾಖಲೆ ಮತ್ತು ಸಂಶೋಧನೆಯ ವಿಶ್ವಾಸಾರ್ಹತೆ

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಸಂಪಾದಿಸಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಆಗಿತ್ತು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅದು 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಸಂಪುಟದಲ್ಲಿ 573 ಶಾಸನಗಳಿವೆ. ಶಾಸನಗಳು ಹೆಚ್ಚಿದಂತೆ ಅವುಗಳ ಕ್ರಮಾಂಕವೂ ಬದಲಾಯಿತು. ರೈಸ್ ಅವರಲ್ಲಿ 54ನೆಯದಾಗಿದ್ದ ಮಲ್ಲಿಷೇಣ ಪ್ರಶಸ್ತಿಯು 1923ರ ಆವೃತ್ತಿಯಲ್ಲಿ 67ನೆಯದು. ಆದುದರಿಂದ ಅಡಿಟಿಪ್ಪಣಿಯಲ್ಲಿ ‘ಶ್ರವಣಬೆಳಗೊಳ 54’ ಎಂದಷ್ಟೇ ಬರೆದರೆ, 1923ರ ಆವೃತ್ತಿಯನ್ನು ತೆರೆದ ಓದುಗನು ಬೇರೊಂದು ಶಾಸನದ ಮುಂದೆ ನಿಲ್ಲುತ್ತಾನೆ.

ಎಪಿಗ್ರಾಫಿಯ ಕರ್ನಾಟಿಕದ ಇತರ ಸಂಪುಟಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ರೈಸ್ ಅವರ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಬೇಲೂರಿನ ಶಾಸನಗಳು ಅದರಲ್ಲಿವೆ. ಹೊಸ ಮಾಲೆಯಲ್ಲಿ ಬೇಲೂರು ತಾಲ್ಲೂಕು ಒಂಬತ್ತನೆಯ ಸಂಪುಟಕ್ಕೆ ಸೇರಿದ್ದು, ಐದನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳಿಗೆ ಮೀಸಲಾಗಿದೆ. ‘ಎ.ಕ. 5’ ಎಂಬ ಸಂಕ್ಷಿಪ್ತ ಉಲ್ಲೇಖವು ಯಾವ ಮಾಲೆಯದೆಂದು ತಿಳಿಸದಿದ್ದರೆ ಜಿಲ್ಲೆಯೇ ಬದಲಾಗುತ್ತದೆ. ವಚನಗಳ ವಿಷಯದಲ್ಲಿಯೂ ಕ್ರಮಾಂಕ, ಪಾಠಗಳೆರಡೂ ಸಂಪಾದನೆಯಿಂದ ಸಂಪಾದನೆಗೆ ಭಿನ್ನವಾಗುವುದುಂಟು.

ಇಂತಹ ದೋಷಗಳು ಸಾಮಾನ್ಯವಾಗಿ ಪ್ರಬಂಧವನ್ನು ಬರೆಯುವಾಗ ಹುಟ್ಟುವುದಿಲ್ಲ, ಓದುವಾಗಲೇ ಹುಟ್ಟುತ್ತವೆ. ಗ್ರಂಥಾಲಯದಲ್ಲಿ ಅವಸರದಿಂದ ಒಂದು ವಾಕ್ಯವನ್ನು ಬರೆದುಕೊಂಡು, ವಿವರಗಳನ್ನು ಆಮೇಲೆ ಸೇರಿಸಿದರಾಯಿತೆಂದು ಬಿಟ್ಟ ಟಿಪ್ಪಣಿ ಎರಡು ವರ್ಷಗಳ ಬಳಿಕ ಆಕರವಿಲ್ಲದ ಮಾತಾಗಿ ಉಳಿಯುತ್ತದೆ. ಆ ವಾಕ್ಯ ಮೂಲ ಲೇಖಕರದೋ ಟಿಪ್ಪಣಿ ಬರೆದವರದೋ ಎಂಬುದೂ ಆಗ ಮರೆತಿರುತ್ತದೆ. ಕೃತಿಚೌರ್ಯದ ಆರೋಪಕ್ಕೆ ಗುರಿಯಾಗುವ ಎಷ್ಟೋ ಭಾಗಗಳ ಹಿಂದೆ ದುರುದ್ದೇಶಕ್ಕಿಂತ ಈ ಮರೆವೇ ಇರಬಹುದು.

ಇದಕ್ಕೆ ಪರಿಹಾರ ಸರಳವಾದುದು. ಕಾರ್ಡಿನಲ್ಲಾಗಲಿ ಗಣಕದ ಕಡತದಲ್ಲಾಗಲಿ, ಒಂದು ಟಿಪ್ಪಣಿಗೆ ಒಂದೇ ವಿಷಯವಿರಬೇಕು. ಉದ್ಧರಣೆಯನ್ನು ಬರೆಯುವ ಮೊದಲೇ ಸಂಪಾದಕರು, ಕೃತಿ, ಆವೃತ್ತಿ, ವರ್ಷ, ಪುಟಗಳನ್ನು ನಮೂದಿಸಬೇಕು. ಮೂಲದ ಮಾತನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಸಂಗ್ರಹವನ್ನೂ ಸ್ವಂತ ಅಭಿಪ್ರಾಯವನ್ನೂ ಬೇರೆ ಬೇರೆ ಗುರುತುಗಳಿಂದ ಸೂಚಿಸಬೇಕು. ಇನ್ನೊಬ್ಬರ ಗ್ರಂಥದ ಮೂಲಕ ದೊರೆತ ಶಾಸನಪಾಠವನ್ನು ಹಾಗೆಂದೇ ದಾಖಲಿಸಬೇಕು. ಮೂಲವನ್ನು ನೋಡಿದ ಮೇಲೆಯೇ ಅದನ್ನು ನೇರ ಆಕರವೆಂದು ಕರೆಯಬೇಕು.

ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದುದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಸಂಶೋಧನ ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚಿನ ಸಾಮ್ಯ ಕಂಡುಬಂದರೆ ದಂಡನೆಯನ್ನು ವಿಧಿಸುತ್ತದೆ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಪದಗಳ ಸಾಮ್ಯವನ್ನು ಅಳೆಯುವ ತಂತ್ರಾಂಶಕ್ಕೆ, ಮೂಲವನ್ನು ನೋಡದೆ ಎರವಲು ಪಡೆದ ಅಡಿಟಿಪ್ಪಣಿ ಕಾಣುವುದಿಲ್ಲ. ಒಬ್ಬರು ತಪ್ಪಾಗಿ ಬರೆದ ಕ್ರಮಾಂಕವನ್ನು ಮತ್ತೊಬ್ಬರು ಪರಿಶೀಲಿಸದೆ ಎತ್ತಿಕೊಂಡರೆ, ಮೂರನೆಯವರಿಗೆ ಅದು ಇಬ್ಬರು ವಿದ್ವಾಂಸರ ಒಮ್ಮತದಂತೆ ತೋರುತ್ತದೆ. ಇದನ್ನು ತಡೆಯಬಲ್ಲವರು ಟಿಪ್ಪಣಿ ಬರೆಯುವ ಸಂಶೋಧಕರು ಮತ್ತು ಅದನ್ನು ಮೂಲದೊಡನೆ ಹೋಲಿಸಿ ನೋಡುವ ಮಾರ್ಗದರ್ಶಕರು ಮಾತ್ರ. ಪ್ರಬಂಧದ ನಿಲುವನ್ನು ಮುಂದಿನವರು ಒಪ್ಪಬಹುದು, ಬಿಡಬಹುದು. ಆದರೆ ಅದನ್ನು ಪರೀಕ್ಷಿಸುವ ದಾರಿಯಾದರೂ ಅವರಿಗೆ ತೆರೆದಿರಬೇಕು. ಆಕರದ ದಾಖಲೆ ಇರುವುದು ಅದಕ್ಕಾಗಿಯೇ.