ಡಾರ್ವಿನ್ ತೋಟದ 127 ಸಸಿಗಳು

ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಎರಡು ಬದಿ ಹಿಡಿದು ಮೆಲ್ಲಗೆ ಅದುಮಿದರೆ ಅದು ಬಾಯಿ ತೆರೆಯುತ್ತದೆ. ಮೇಲೊಂದು ತುಟಿ, ಕೆಳಗೊಂದು ತುಟಿ. ಅಪರೂಪಕ್ಕೆ ತುಟಿಗಳೇ ಇಲ್ಲದೆ, ಸುತ್ತಲೂ ಒಂದೇ ಸಮನಾಗಿ ಕೊಳವೆಯ ಹಾಗೆ ಅರಳುವ ಬಗೆಯೂ ಉಂಟು. ಚಾರ್ಲ್ಸ್ ಡಾರ್ವಿನ್ ಇವೆರಡನ್ನೂ ಅಡ್ಡತಳಿ ಮಾಡಿದ. ಮೊದಲ ತಲೆಮಾರಿನಲ್ಲಿ ಒಂದೇ ಒಂದು ಕೊಳವೆ ಹೂವೂ ಬರಲಿಲ್ಲ. ಆ ಗಿಡಗಳ ಬೀಜ ತಾವಾಗಿ ಉದುರಿ 127 ಸಸಿಗಳಾದವು. ಅವುಗಳಲ್ಲಿ 88 ಮಾಮೂಲಿ ಹೂ ಬಿಟ್ಟವು, 37 ಅಪ್ಪಟ ಕೊಳವೆ ಹೂ ಬಿಟ್ಟವು. ನಡುವಿನ ರೂಪ ತಳೆದವು ಎರಡೇ.

ಇಂದಿನ ಪಿಯುಸಿ ವಿದ್ಯಾರ್ಥಿ ಈ ಅಂಕಿಗಳನ್ನು ಕಂಡ ಕೂಡಲೇ ಮೂರಕ್ಕೆ ಒಂದರ ಅನುಪಾತವನ್ನು ನೆನೆಯುತ್ತಾನೆ. ಡಾರ್ವಿನ್ ನೆನೆಯಲಿಲ್ಲ. ಸಾಕುಪ್ರಾಣಿ, ಬೆಳೆಗಿಡಗಳ ಮಾರ್ಪಾಡುಗಳ ಬಗ್ಗೆ 1868ರಲ್ಲಿ ಹೊರತಂದ ಎರಡು ಸಂಪುಟಗಳ ಗ್ರಂಥದಲ್ಲಿ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ದಾಖಲಿಸಿ ಮುಂದೆ ಸಾಗಿದ. ಅದೇ ಗ್ರಂಥದ ಕೊನೆಯ ಭಾಗದಲ್ಲಿ ಆನುವಂಶಿಕತೆಗೆ ತನ್ನದೇ ವಿವರಣೆ ಕೊಟ್ಟ. ಅದು ತಪ್ಪಾಗಿತ್ತು.

ದೇಹದ ಪ್ರತಿಯೊಂದು ಭಾಗವೂ ಅತಿ ಸೂಕ್ಷ್ಮ ಕಣಗಳನ್ನು ಹೊರಬಿಡುತ್ತದೆ, ಅವೆಲ್ಲ ಜನನಾಂಗಗಳಿಗೆ ಬಂದು ಸೇರಿ ಮರಿಯ ದೇಹವನ್ನು ರೂಪಿಸುತ್ತವೆ ಎಂಬುದು ಅವನ ಊಹೆ. ಕಣಗಳನ್ನು ಜೆಮ್ಯೂಲ್ ಎಂದ, ಸಿದ್ಧಾಂತವನ್ನು ಪ್ಯಾಂಜೆನಿಸಿಸ್ ಎಂದ. ಪ್ರಾಚೀನ ಗ್ರೀಸಿನ ಹಿಪೊಕ್ರೆಟಿಸ್ ಪಂಥದ ವೈದ್ಯರು ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅಂಗ ಕಳೆದುಕೊಂಡ ತಂದೆತಾಯಿಗೂ ಸರ್ವಾಂಗ ಸಂಪನ್ನ ಮಕ್ಕಳು ಹುಟ್ಟುವುದು ಹೇಗೆಂದು ಅರಿಸ್ಟಾಟಲ್ ಆಗಲೇ ಕೇಳಿದ್ದ. ಎರಡು ಸಾವಿರ ವರ್ಷ ಕಳೆದರೂ ಆ ಪ್ರಶ್ನೆಯ ಮೊನಚು ಹೋಗಿರಲಿಲ್ಲ.

ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದವನು ಬಂಧುವೇ ಆದ ಫ್ರಾನ್ಸಿಸ್ ಗಾಲ್ಟನ್. ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ ತಾತ, ಅಜ್ಜಿಯರು ಬೇರೆ. ಕಣಗಳು ದೇಹದೊಳಗೆ ಅಲೆಯುತ್ತವೆ ಎಂದರೆ ರಕ್ತದಲ್ಲಿ ಇರಲೇಬೇಕಲ್ಲ ಎಂದು ಗಾಲ್ಟನ್ ತರ್ಕಿಸಿದ. ಬೆಳ್ಳಿಬೂದು ಬಣ್ಣದ ಶುದ್ಧತಳಿ ಮೊಲಗಳಿಗೆ ಬೇರೆ ಬಣ್ಣದ ಮೊಲಗಳ ರಕ್ತ ಏರಿಸಿದ. ಅದು ಸಾಲದೆಂದು ಎರಡು ಮೊಲಗಳ ಕುತ್ತಿಗೆಯ ರಕ್ತನಾಳಗಳನ್ನು ಪರಸ್ಪರ ಜೋಡಿಸಿ ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿದ. ಅವುಗಳ ಮರಿಗಳಲ್ಲಿ ಬೆರಕೆಯ ಸುಳಿವೇ ಇರಲಿಲ್ಲ. 1871ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶ ಇಟ್ಟ. ಮುಂದಿನ ತಿಂಗಳೇ ‘ನೇಚರ್’ ಪತ್ರಿಕೆಯಲ್ಲಿ ಡಾರ್ವಿನ್ ಉತ್ತರಿಸಿದ: ರಕ್ತದ ವಿಷಯವನ್ನು ತಾನು ಎತ್ತಿರಲೇ ಇಲ್ಲ, ರಕ್ತವೇ ಇಲ್ಲದ ಜೀವಿಗಳಿಗೂ ಗಿಡಗಳಿಗೂ ತನ್ನ ಮಾತು ಅನ್ವಯಿಸಬೇಕಲ್ಲವೇ ಎಂದು. ವಾದ ಸರಿಯೇ ಇತ್ತು. ಆದರೂ ಹಾಗಿದ್ದರೆ ಕಣಗಳು ಯಾವ ದಾರಿಯಲ್ಲಿ ಸಂಚರಿಸುತ್ತವೆ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಈ ಭಿನ್ನಾಭಿಪ್ರಾಯದ ನಂತರವೂ ಇಬ್ಬರೂ ಕೂಡಿ ಮೊಲಗಳ ಪ್ರಯೋಗ ಮುಂದುವರಿಸಿದರು. ನನಗೆ ಇದು ಆ ಕಾಲದ ವಿಜ್ಞಾನದ ಅತ್ಯಂತ ಘನವಾದ ನಡತೆಗಳಲ್ಲಿ ಒಂದು.

ಡಾರ್ವಿನ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1867ರಲ್ಲಿ, ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್‌ನಿಂದ. ಹಾಲಿಗೆ ಡಿಕಾಕ್ಷನ್ ಬೆರೆತಂತೆ ತಂದೆತಾಯಿಯ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂದು ಅಂದು ಬಹುತೇಕ ಎಲ್ಲರೂ ನಂಬಿದ್ದರು. ಹಾಗಾದರೆ ಒಂದು ಜೀವಿಯಲ್ಲಿ ಹೊಸದಾಗಿ ಮೂಡಿದ ಒಳ್ಳೆಯ ಗುಣ ಮಕ್ಕಳಲ್ಲಿ ಅರ್ಧ, ಮೊಮ್ಮಕ್ಕಳಲ್ಲಿ ಕಾಲು, ಮರಿಮಕ್ಕಳಲ್ಲಿ ಅರೆಕಾಲು ಆಗುತ್ತಾ ಕರಗಿಹೋಗುತ್ತದೆ. ಆಯ್ಕೆ ಮಾಡಲು ನಿಸರ್ಗಕ್ಕೆ ಏನು ಉಳಿಯುತ್ತದೆ? ಡಾರ್ವಿನ್ ಈ ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಂಡು 1869ರ ಆವೃತ್ತಿಯಲ್ಲಿ ‘ಜೀವಸಂಕುಲಗಳ ಉಗಮ’ವನ್ನು ತಿದ್ದಿದ.

ಬೆರೆಯದ ಗುಣಗಳು ಅವನ ಕಣ್ಣೆದುರೇ ಇದ್ದವು. 1866ರಲ್ಲೇ ಸಮಕಾಲೀನ ನಿಸರ್ಗವಿಜ್ಞಾನಿ ವ್ಯಾಲೇಸ್‌ಗೆ ಬರೆದ ಪತ್ರದಲ್ಲಿ, ಎರಡು ಬಣ್ಣದ ಸ್ವೀಟ್ ಪೀ ಗಿಡಗಳನ್ನು ಕೂಡಿಸಿದಾಗ ಒಂದೇ ಕಾಯಿಯ ಬೀಜಗಳಿಂದ ಎರಡೂ ಬಗೆಗಳು ಬಂದವು, ನಡುವಿನದು ಬರಲಿಲ್ಲ ಎಂದು ತಿಳಿಸಿದ್ದ. ಸ್ನ್ಯಾಪ್‌ಡ್ರ್ಯಾಗನ್ ಲೆಕ್ಕದಲ್ಲೂ ಅವನು ಕಂಡದ್ದು ಎರಡು ಪ್ರವೃತ್ತಿಗಳ ಮೇಲಾಟವನ್ನು: ಒಂದು ತಲೆಮಾರಿನಲ್ಲಿ ಒಂದು ಗೆದ್ದಿತು, ಮುಂದಿನದರಲ್ಲಿ ಇನ್ನೊಂದು ಬಲ ಪಡೆಯಿತು. ಎಷ್ಟಕ್ಕೆ ಎಷ್ಟು ಎಂಬುದರಲ್ಲೇ ಏನೋ ಅಡಗಿದೆ ಎಂದು ಅವನಿಗೆ ಅನಿಸಲಿಲ್ಲ.

ಅನಿಸಿದ್ದು ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡಲ್‌ಗೆ. ವಿಯೆನ್ನಾದಲ್ಲಿ ಭೌತಶಾಸ್ತ್ರ ಓದಿದ್ದ ಅವನು ಬಟಾಣಿಯ ಏಳು ಗುಣಗಳನ್ನು ಆರಿಸಿಕೊಂಡು ಒಂದೊಂದನ್ನೂ ಬಿಡಿಯಾಗಿ ಎಣಿಸಿದ. ಎರಡನೆಯ ತಲೆಮಾರಿನಲ್ಲಿ ದುಂಡು ಬೀಜ 5,474, ಸುಕ್ಕು ಬೀಜ 1,850. ಒಂದು ತಲೆಮಾರು ಮರೆಯಾಗಿದ್ದ ಸುಕ್ಕು ಕಿಂಚಿತ್ತೂ ಸವೆಯದೆ ಮರಳಿತ್ತು. ಅಂದರೆ ಗುಣಗಳು ಕರಗುವುದಿಲ್ಲ. ಬಿಡಿ ಬಿಡಿ ಅಂಶಗಳಾಗಿ ದಾಟುತ್ತವೆ. ಜೆಂಕಿನ್ ಆಕ್ಷೇಪಕ್ಕೆ ಬೇಕಾದ ಉತ್ತರ, ಆಕ್ಷೇಪ ಹುಟ್ಟುವ ಮೊದಲೇ, 1866ರಲ್ಲಿ ಅಚ್ಚಾಗಿತ್ತು. ಡಾರ್ವಿನ್ 1882ರಲ್ಲಿ ತೀರಿಕೊಂಡ, ಮೆಂಡಲ್ 1884ರಲ್ಲಿ. ಲೋಕ ಆ ಪ್ರಬಂಧದ ಬೆಲೆ ಅರಿತದ್ದು 1900ರಲ್ಲಿ.

ಅಷ್ಟರಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಇಲಿಗಳ ಬಾಲ ಕತ್ತರಿಸುತ್ತಾ ಐದು ತಲೆಮಾರು ಸಾಗಿದ್ದ. ಹುಟ್ಟಿದ 901 ಮರಿಗಳಿಗೂ ಬಾಲವಿತ್ತು. ಅರಿಸ್ಟಾಟಲ್‌ನ ಪ್ರಶ್ನೆ ಕೊನೆಗೂ ಪ್ರಯೋಗಶಾಲೆ ತಲುಪಿತ್ತು.

ಇಷ್ಟಾದರೂ ಬೆರಕೆಯ ನಂಬಿಕೆ ಸಾಯಲಿಲ್ಲ, ಅದಕ್ಕೆ ಕಾರಣವೂ ಇತ್ತು. ಎತ್ತರದ ಅಪ್ಪ, ಗಿಡ್ಡ ಅಮ್ಮನ ಮಕ್ಕಳು ಹಲವು ಬಾರಿ ನಡುವಿನ ಎತ್ತರಕ್ಕೇ ಬರುತ್ತಾರೆ. ಗಾಲ್ಟನ್ ಕೂಡ 205 ದಂಪತಿಗಳು ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರ ಹೋಲಿಸಿ ಕಂಡದ್ದು ಇಂಥ ನಯವಾದ ಏರಿಳಿತವನ್ನೇ. ಬಟಾಣಿಯ ನಿಯಮ ಮನುಷ್ಯರ ಮೈಕಟ್ಟಿಗೆ ಹೊಂದದು ಎಂದು ಅವನ ಶಿಷ್ಯಪಂಥದವರು ವರ್ಷಗಟ್ಟಲೆ ವಾದಿಸಿದರು. 1918ರಲ್ಲಿ ರೊನಾಲ್ಡ್ ಫಿಶರ್ ಗಣಿತದಿಂದ ಗಂಟು ಬಿಡಿಸಿದ: ಎತ್ತರದಂಥ ಗುಣದ ಹಿಂದೆ ಮೆಂಡಲ್ ಹೇಳಿದಂಥ ಅಂಶಗಳು ಹಲವಾರು ಇದ್ದು, ಒಂದೊಂದೂ ಚೂರು ಚೂರು ಕೂಡಿಸಿದರೆ ಹೊರಗಿನಿಂದ ನೋಡುವವರಿಗೆ ಬೆರಕೆಯೇ ಕಾಣುತ್ತದೆ, ಒಳಗೆ ಆ ಅಂಶಗಳು ಬಿಡಿಯಾಗಿಯೇ ಉಳಿದಿರುತ್ತವೆ, ಮುಂದಿನ ತಲೆಮಾರಿನಲ್ಲಿ ಬೇರೆ ಜೋಡಿಯಾಗಿ ಹೊರಬರುತ್ತವೆ.