ಕೊಟ್ಟಿಗೆಹಾರದ ಮಳೆ ನೋಡಬನ್ನಿ
ಜೂನ್ ಬಂತೆಂದರೆ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಬಿಸಿಲು ಅಪರೂಪ. ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿ ಪಶ್ಚಿಮಘಟ್ಟ ಅಡ್ಡ ಬಂದೊಡನೆ ಮೇಲೇರುತ್ತದೆ; ಏರಿದಂತೆ ತಣಿದು ಮಳೆಯಾಗಿ ಸುರಿಯುತ್ತದೆ. ಗುಡ್ಡ ದಾಟುವಷ್ಟರಲ್ಲಿ ಗಾಳಿಯ ತೇವ ಬಹುಪಾಲು ಬರಿದು. ಅದಕ್ಕೇ ಇದೇ ಜಿಲ್ಲೆಯ ಕಡೂರು ಮಳೆಗಾಗಿ ಮುಗಿಲು ನೋಡುತ್ತದೆ.

ಇನ್ನೊಂದು ಸೋಜಿಗವುಂಟು. ಇಲ್ಲಿ ಪಡುವಣ ಇಳಿಜಾರಿಗೆ ಬಿದ್ದ ನೀರು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋದರೆ, ಮೂಡಣಕ್ಕೆ ಹರಿದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ!

ಘಾಟಿಯುದ್ದಕ್ಕೂ ಝರಿಗಳು, ಊರಿನಲ್ಲಿ ಬಿಸಿಬಿಸಿ ನೀರುದೋಸೆ. ಆದರೆ ಪಾಲಕರೇ, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ರಸ್ತೆ ಬಂದ್ ಆಗಿದ್ದನ್ನು ಮರೆಯಬೇಡಿ. ವಿಚಾರಿಸಿಯೇ ಹೊರಡಿ. ಪಾಚಿಗಟ್ಟಿದ ಬಂಡೆ ಹತ್ತಲು ಮಕ್ಕಳನ್ನು ಬಿಡಬೇಡಿ. ಝರಿಯ ಸೊಗಸು ದೂರದಿಂದಲೇ ಚೆನ್ನ.