ಕ್ಯಾಮ್ ಕೂರಿಸುವ ತುರುವನೂರಿನ ಮೇಸ್ತ್ರಿ

ಓಡುತ್ತಿರುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಮೇಸ್ತ್ರಿ ಕಣ್ಣು ಮುಚ್ಚುತ್ತಾರೆ. ಟ್ರ್ಯಾಕ್ಟರ್ ತಂದವರಿಗೆ ಇರುವುದು ಒಂದೇ ಭಯ. ‘ಬೋರಿಂಗಿಗೆ ಬಂದೈತಾ ಮೇಸ್ತ್ರಿ?’

‘ಪಿಸ್ಟನ್ ಚೆನ್ನಾಗೈತೆ ಯಜಮಾನ್ರೇ. ಎರಡನೇ ಸಿಲಿಂಡರಿಂದು ಕ್ಯಾಮ್ ತಿಂದೈತೆ.’

ಈ ಒಂದು ಮಾತು ರೈತನಿಗೆ ಉಳಿಸುವ ದುಡ್ಡು ಸಣ್ಣದಲ್ಲ. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ ಸಾಕು, ಬೋರಿಂಗ್ ಎಂದು ಸಿಲಿಂಡರ್ ಕೊರೆಸಿ ಪೂರ್ತಿ ಎಂಜಿನ್ ಕೆಲಸ ಬರೆದುಕೊಡುವವರೇ ಹೆಚ್ಚು. ಈ ಮೇಸ್ತ್ರಿ ಹಾಗಲ್ಲ. ಮೇಲಿನ ಕವರ್ ಬಿಚ್ಚಿ, ಎಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವ್ ಒತ್ತುವ ಒಂದೊಂದು ರಾಕರ್ ಎಷ್ಟು ಏಳುತ್ತದೆಂದು ಅಳೆಯುತ್ತಾರೆ. ಟ್ಯಾಪೆಟ್ ಸಂದು ಸರಿಮಾಡಿದ ಮೇಲೂ ಒಂದು ರಾಕರ್ ಉಳಿದವುಗಳಷ್ಟು ಏಳದಿದ್ದರೆ ಅದನ್ನು ಎತ್ತುವ ಕೆಳಗಿನ ಕ್ಯಾಮ್, ಅಂದರೆ ತಿರುಗುವ ಶಾಫ್ಟಿನ ಮೇಲಿನ ಉಬ್ಬು, ಸವೆದಿದೆ ಎಂದೇ ಅರ್ಥ. ವಾಲ್ವ್ ಪೂರ್ತಿ ತೆರೆಯದೆ ಗಾಳಿ ಸಾಲುವುದಿಲ್ಲ, ಡೀಸೆಲ್ ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ.

ಮೇಸ್ತ್ರಿಯ ಶೆಡ್ಡು ಇರುವ ತುರುವನೂರನ್ನು ಚಿತ್ರದುರ್ಗ ಜಿಲ್ಲೆಯ ಜನ ನೆನೆಯುವುದು 1939ರ ಅರಣ್ಯ ಸತ್ಯಾಗ್ರಹದಿಂದ. ಎಸ್. ನಿಜಲಿಂಗಪ್ಪನವರಂಥ ಮುಂದಾಳುಗಳ ಕರೆಗೆ ಓಗೊಟ್ಟು ಈಚಲು ಮರಗಳಿಗೆ ಕೊಡಲಿ ಹಾಕಿದ ಊರು ಇದು. ಈಗ ಸುತ್ತಲೂ ಈರುಳ್ಳಿ, ಕಡಲೆ, ಶೇಂಗಾ ಬೆಳೆಯುವ ಹೊಲ, ಹೊಲಕ್ಕೆ ಟ್ರ್ಯಾಕ್ಟರು. ಮೇಸ್ತ್ರಿ ಕೆಲಸ ಕಲಿತದ್ದು ಚಿತ್ರದುರ್ಗದ ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನಲ್ಲಿ, ಡೀಸೆಲಿನಲ್ಲಿ ಪಾರ್ಟು ತೊಳೆಯುತ್ತಾ. ಆಗ ಆ ಕಡೆಯ ಲೇತುಗಳ ಮೇಲೆಲ್ಲ ಹರಿಹರದ ಮೈಸೂರು ಕಿರ್ಲೋಸ್ಕರ್ ಕಂಪನಿಯ ಹೆಸರಿರುತ್ತಿತ್ತಂತೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದೆ.

ನಾನು ಹೋದಾಗ ಶೆಡ್ಡಿನಲ್ಲಿ ಮೂರು ಸಿಲಿಂಡರಿನ ಹಳೆಯ ಮ್ಯಾಸಿ ಟ್ರ್ಯಾಕ್ಟರ್ ಇತ್ತು. ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ; ಎಂಜಿನ್ನೇ ಬೆನ್ನೆಲುಬು. ಹಾಗಾಗಿ ಕ್ಯಾಮ್‌ಶಾಫ್ಟ್ ಹೊರತೆಗೆಯಬೇಕಾದರೆ ಮುಂದಿನ ಆಕ್ಸಲ್ ಸಮೇತ ಗಾಡಿಯನ್ನೇ ಬಿಡಿಸಬೇಕು. ರೇಡಿಯೇಟರು, ಹೆಡ್ಡು, ಆಯಿಲ್ ಚೇಂಬರು ಎಲ್ಲ ಬಿಚ್ಚಿ ಎಂಜಿನ್ನನ್ನು ಬುಡಮೇಲಾಗಿ ಮಲಗಿಸಿದರು. ಹೀಗೆ ಮಾಡಿದರೆ ಕ್ಯಾಮಿಗೆ ಆನಿಕೊಂಡಿರುವ ಟ್ಯಾಪೆಟ್‌ಗಳು ತಮ್ಮ ಭಾರಕ್ಕೇ ಕ್ಯಾಮಿನಿಂದ ದೂರ ಸರಿಯುತ್ತವೆ, ಶಾಫ್ಟಿಗೆ ದಾರಿ ಬಿಡುತ್ತವೆ.

ಟೈಮಿಂಗ್ ಗೇರುಗಳಲ್ಲೇ ಅವರಿಗೆ ಹೆಚ್ಚು ಹೊತ್ತು ಹಿಡಿಯಿತು. ಕ್ರ್ಯಾಂಕ್ 2 ಸುತ್ತು ಬಂದರೆ ಕ್ಯಾಮ್ 1 ಸುತ್ತು. ನಡುವಿನ ಐಡ್ಲರ್ ಗೇರಿನ ಗುರುತು ಪ್ರತಿ ಸುತ್ತಿಗೂ ಎದುರಾಗುವುದಿಲ್ಲ, ಎಷ್ಟೋ ಸುತ್ತಿಗೊಮ್ಮೆ ಕೂಡಿಬರುತ್ತದೆ. ಅದಕ್ಕೇ ಬಿಚ್ಚುವ ಮುಂಚೆಯೇ ಹಲ್ಲುಗಳ ಮೇಲೆ ತಮ್ಮದೇ ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಂಡರು. ಒಂದು ಹಲ್ಲು ತಪ್ಪಿದರೂ ವಾಲ್ವು ತೆರೆಯುವ ಹೊತ್ತು ತಪ್ಪುತ್ತದೆ. ಹೆಚ್ಚು ತಪ್ಪಿದರೆ ವಾಲ್ವು ಪಿಸ್ಟನ್ನಿಗೇ ಬಡಿಯುತ್ತದೆ.

ಆಮೇಲೆ ಹಳೆಯ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು, ತುಸು ತುಸುವೇ ತಿರುಗಿಸುತ್ತಾ, ಬಾಣಂತಿ ಕೈಯಿಂದ ಮಗುವನ್ನು ಎತ್ತಿಕೊಳ್ಳುವವರ ಹಾಗೆ ಈಚೆಗೆ ತೆಗೆದರು. ಸವೆದ ಕ್ಯಾಮಿನ ಮೂಗು ಮೊಂಡಾಗಿ, ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ‘ಮೇಲ್ಪದರ ಗಟ್ಟಿ ಇರೋತನಕ ತಡೀತದೆ. ಅದು ಹೋದ್ರೆ ಒಳಗಿಂದು ಬೇಗ ತಿನ್ಕಂತದೆ,’ ಎಂದು ಬೆರಳಿನಿಂದ ತೋರಿಸಿದರು. ಕಾರಣ ಕೇಳಿದರೆ, ಆಯಿಲ್ ಬದಲಿಸುವುದನ್ನು ಮುಂದಿನ ಬೆಳೆಗೆ ತಳ್ಳುವುದು. ರೈತನನ್ನು ಬೈಯಲು ಮಾತ್ರ ಅವರು ಒಪ್ಪಲಿಲ್ಲ. ಬೆಲೆ ಬಿದ್ದ ವರ್ಷ ಈರುಳ್ಳಿಯವನು ಮೊದಲು ಸಾಲ ನೋಡುತ್ತಾನೆ, ಆಯಿಲ್ ನೋಡುವುದು ಆಮೇಲೆ.

ಹೊಸ ಶಾಫ್ಟಿಗೆ ಹಳೆಯ ಟ್ಯಾಪೆಟ್ ಹಾಕಿ ದುಡ್ಡು ಉಳಿಸಿ ಎಂದರೆ ಅವರು ಕೆಲಸವನ್ನೇ ಹಿಡಿಯುವುದಿಲ್ಲ. ಹಳೆಯ ಟ್ಯಾಪೆಟ್ಟಿನ ಮುಖ ಹಳೆಯ ಕ್ಯಾಮಿನ ಸವೆತಕ್ಕೇ ಒಗ್ಗಿರುತ್ತದೆ, ಹೊಸದನ್ನೂ ತಿಂದುಹಾಕುತ್ತದೆ. ಕೂರಿಸುವಾಗ ಪ್ರತಿ ಕ್ಯಾಮಿಗೂ ಗಟ್ಟಿ ಲೇಪ ಬಳಿಯುತ್ತಾರೆ. ಎಂಜಿನ್ ಹತ್ತಿದ ಮೇಲೆ ಮೊದಲ 20 ನಿಮಿಷ ಐಡಲ್‌ಗೆ ಬಿಡದೆ ತುಸು ಆಕ್ಸಲರೇಟರ್ ಕೊಟ್ಟೇ ಇಡುತ್ತಾರೆ. ನಿಧಾನ ಓಡಿದರೆ ಕ್ಯಾಮಿಗೆ ಆಯಿಲ್ ಸಾಕಷ್ಟು ಎರಚುವುದಿಲ್ಲ.

2023ರ ಜನವರಿಯಿಂದ 50 ಎಚ್.ಪಿ. ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಅವುಗಳ ದೋಷ ಹುಡುಕಲು ಸ್ಕ್ಯಾನರ್ ಬೇಕು. ಆದರೆ ಸಣ್ಣ ರೈತರ ಬಳಿ ಇರುವುದು ಹಳೆಯ, ಸಣ್ಣ ಗಾಡಿಗಳೇ. ಇನ್ನೂ ಬಹಳ ವರ್ಷ ಅವು ಹೊಲದಲ್ಲಿರುತ್ತವೆ. ಐಟಿಐ ಮಕ್ಕಳನ್ನು ಬಿತ್ತನೆಗೆ ಮುಂಚಿನ ಎರಡು ತಿಂಗಳು ಇಂಥ ಶೆಡ್ಡುಗಳಿಗೆ ಸಂಬಳ ಕೊಟ್ಟು ಕಳಿಸಿದರೆ ಈ ವಿದ್ಯೆ ಉಳಿಯುತ್ತದೆಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಮೇಸ್ತ್ರಿಯ ಮಗ ಬೆಂಗಳೂರಿನ ಕಾರ್ ಶೋರೂಮಿನಲ್ಲಿದ್ದಾನೆ. ಶೆಡ್ಡಿನಲ್ಲಿ ಈಗ ಇರುವುದು ಐಟಿಐ ಮುಗಿಸಿದ ಒಬ್ಬನೇ ಹುಡುಗ. ಗೇರಿನ ಗುರುತು ಕೂಡಿಸುವುದನ್ನು ಆಗಲೇ ಕಲಿತಿದ್ದಾನೆ. ಸ್ಕ್ರೂಡ್ರೈವರ್ ಕಿವಿಗಿಟ್ಟು ಸದ್ದು ಬಿಡಿಸುವುದು ಅವನಿಗೆ ಇನ್ನೂ ಕೈಗೆ ಹತ್ತಿಲ್ಲ. ಅವನೂ ಬೆಂಗಳೂರಿಗೆ ಅರ್ಜಿ ಹಾಕಿದ್ದಾನೆ.